ಬಾಕಿ

ಕಾಳಿ ಸೇತುವೆಯ ಈಚೆ, ಕೋಡಿಬಾಗದ ನಮ್ಮ ಗ್ಯಾರೇಜಿನಲ್ಲಿ
ನನ್ನ ಗಂಡ ಅಂದರೆ ಹೆಚ್ಚಿನ ಹೊತ್ತು ಎರಡು ಪಾದ.
ಬಲಗಾಲ ಹೆಬ್ಬೆರಳಿನ ಉಗುರು ಕಪ್ಪು,
ಎಡಗಾಲ ಹಿಮ್ಮಡಿಯಲ್ಲಿ ಗ್ರೀಸು ತುಂಬಿದ ಬಿರುಕು.
ಉಳಿದವನು ಕಾರಿನ ಅಡಿಯಲ್ಲಿ.
ನಾನು ಮೇಜಿನ ಹಿಂದೆ ಬಿಲ್ಲು ಬರೆಯುತ್ತ
ಪಾದಗಳ ಜೊತೆಗೇ ಮಾತಾಡಿ ಸಂಸಾರ ಮಾಡಿದವಳು.
ಹದಿನಾಲ್ಕರ ಪಾನಾ ಕೈಗೆ ಸಿಗದಿದ್ದರೆ ಅವು ಚಡಪಡಿಸುತ್ತವೆ,
ಹಟ ಹಿಡಿದ ನಟ್ಟು ಬಿಟ್ಟುಕೊಂಡರೆ
ಬೆರಳು ಅಗಲಿಸಿ ನಗುತ್ತವೆ.

ಆ ವರ್ಷ ಸ್ಟ್ಯಾಂಡು ಕೊಳ್ಳಲು ದುಡ್ಡಿರಲಿಲ್ಲ.
ಇತ್ತು. ಕಂಪ್ರೆಸರಿಗೆ ಕೊಟ್ಟೆವು.
ಪಾಗಾರ ಕಟ್ಟಿ ಉಳಿದ ಚಿರೆಕಲ್ಲು ಎರಡು
ಜ್ಯಾಕಿನ ಪಕ್ಕ ಒಂದರ ಮೇಲೊಂದು ಇಟ್ಟು,
ಮನೆಯನ್ನೇ ಹೊರುತ್ತದೆ, ಓಮ್ನಿ ಯಾವ ಲೆಕ್ಕ, ಅಂದ.
ನಾನೂ ಹೌದಂದೆ. ನಮ್ಮ ಗೋಡೆ ಅದೇ ಕಲ್ಲಿನದು.

ಗೋಡೆಯ ಕಲ್ಲಿಗೆ ನೂರು ಕಲ್ಲಿನ ಒತ್ತಾಸೆ.
ಒಂಟಿ ಕಲ್ಲಿನ ನೆತ್ತಿಗೆ ಕಬ್ಬಿಣದ ಅಂಚು ಊರಿದರೆ
ಅದು ಯಾರನ್ನು ಕರೆದೀತು?
ಇದೆಲ್ಲ ಆಮೇಲೆ ತಿಳಿದದ್ದು.

ಅಂದು ನಾನು ಸಿಟ್ಟಿನಲ್ಲಿದ್ದೆ.
ಪುಸ್ತಕದಲ್ಲಿ ಚೆಂಡಿಯೆಯ ಘಾರು ತಾಂಡೇಲನ ಹೆಸರು,
ಕ್ಲಚ್ ಕೇಬಲ್, ಮುನ್ನೂರ ನಲವತ್ತು, ನಾಲ್ಕು ತಿಂಗಳು.
"ಇದೇನು ಧರ್ಮಛತ್ರವಾ? ಹೊರಗೆ ಬಾ, ಮುಖ ನೋಡಿ ಹೇಳು"
ಅಂದೆ ಪಾದಗಳಿಗೆ.
ಕೇಳಿಸದವರ ಹಾಗೆ ಸುಮ್ಮನಿದ್ದವು.
ಮತ್ತೆ ಅಂದೆ, ಇನ್ನಷ್ಟು ಜೋರಾಗಿ.
ಗೊಣಗುತ್ತ ಮೊಣಕಾಲು ಬಂತು, ಸೊಂಟ ಬಂತು,
ಪಾನಾ ಹಿಡಿದ ಕೈ, ಕೊನೆಗೆ ಉರಿಯುವ ಮುಖ.
"ಮೀನು ಬಿದ್ದಾಗ ಕೊಡ್ತಾನೆ ಮಾರಾಯ್ತಿ..."

ಜ್ಯಾಕು ಒಂದು ನಿಟ್ಟುಸಿರಿಟ್ಟಿತು. ಅಷ್ಟೇ ಸದ್ದು.
ಓಮ್ನಿ ಕೂತಿತು,
ಸುಸ್ತಾದ ಎಮ್ಮೆ ಕೂತ ಹಾಗೆ, ಯಾರ ಮೇಲೂ ಸಿಟ್ಟಿಲ್ಲದೆ.
ಕಲ್ಲಿದ್ದಲ್ಲಿ ಕೆಂಪು ಪುಡಿ, ನುಣ್ಣಗೆ.
ನಾನು ಹಣೆ ಮುಟ್ಟಿ ನೋಡಿಕೊಂಡೆ.

ಈಗ ಸ್ಟ್ಯಾಂಡು ನಾಲ್ಕಿವೆ, ಹುಬ್ಬಳ್ಳಿಯಿಂದ ತಂದವು.
ಕಡಲ ಗಾಳಿ ತಿನ್ನದಂತೆ ಶನಿವಾರ ಶನಿವಾರ
ಎಳೆಗೂಸಿಗೆ ಹಚ್ಚಿದ ಹಾಗೆ ನಾನೇ ಎಣ್ಣೆ ಹಚ್ಚುತ್ತೇನೆ.
ಬಿಚ್ಚಿದ ಚಕ್ರ ಹೊರಗೆ ಬಿಸಿಲು ಕಾಯುವುದಿಲ್ಲ,
ಕಾರಿನ ಅಡಿಗೆ ಅಡ್ಡ ಮಲಗುತ್ತದೆ, ಬಿದ್ದರೆ ಮೊದಲು ತನ್ನ ಮೇಲೆ ಎಂದು.
ಹೊಸ ಹುಡುಗ ಇನಾಸನಿಗೆ ಹೇಳುತ್ತೇನೆ:
ಎತ್ತುವವನು ಬೇರೆ, ಹೊರುವವನು ಬೇರೆ ಕಣೋ,
ಜ್ಯಾಕನ್ನು ನಂಬಿ ತಲೆ ಒಳಗಿಡಬೇಡ.
ನೆಲದಲ್ಲಿರುವ ಚಕ್ರಕ್ಕೆ ಅಡೆ ಕೊಟ್ಟೆಯಾ?
ಭುಜ ಹಚ್ಚಿ ಒಮ್ಮೆ ದೂಡಿ ನೋಡು,
ಬೀಳುವುದಿದ್ದರೆ ಈಗಲೇ ಬೀಳಲಿ, ನೀನು ಹೊರಗಿರುವಾಗ.
ತಲೆಯಾಡಿಸುತ್ತಾನೆ, ಎರಡೂ ಕಿವಿಗೆ ವೈರು ಸಿಕ್ಕಿಸಿಕೊಂಡು.
ಕಿತ್ತು, ಮೊದಲಿನಿಂದ ಹೇಳುತ್ತೇನೆ.

ಗಂಡನ ಹೆಸರು ಹಿಡಿದರೆ ಅವನ ಆಯುಷ್ಯ ಕಡಿಮೆ
ಎಂದಿದ್ದಳು ಅತ್ತೆ.
ಈಗ ಹತ್ತು ನಿಮಿಷಕ್ಕೊಮ್ಮೆ ಬಿಲ್ಲಿನಿಂದ ತಲೆಯೆತ್ತಿ
ಹೆದ್ದಾರಿಯ ಲಾರಿಗಳಿಗಿಂತ ಜೋರಾಗಿ ಕೂಗುತ್ತೇನೆ,
ರೋಹಿದಾಸ!
ಒಳಗಿಂದ ಪಾನಾ ಎರಡು ಸಲ: ಟಣ್, ಟಣ್.
ಒಂದೇ ಸಲ ಬಡಿದರೆ ಎದ್ದು ಹೋಗಿ ಬಗ್ಗಿ ನೋಡುತ್ತೇನೆ.

ಮಳೆಗಾಲ ಮುಗಿದು ಬೋಟು ಕಡಲಿಗಿಳಿದ ಮೇಲೆ
ಘಾರು ಬಂದ, ನಾಚಿಕೊಂಡು, ದುಡ್ಡು ಮಡಚಿ ಹಿಡಿದು,
ಚೀಲದಲ್ಲಿ ಬಂಗಡೆ.
ಬಂಗಡೆ ಇಟ್ಟುಕೊಂಡೆ. ದುಡ್ಡು ಬೇಡ, ಅಂದೆ.
ಅವನಿಗೆ ಅರ್ಥವಾಗಲಿಲ್ಲ, ಇನ್ನೂ ಆಗಿಲ್ಲ.
ಆಮೇಲೆ ಪುಸ್ತಕ ಮೂರು ತುಂಬಿದವು.
ಪ್ರತಿ ಹೊಸ ಪುಸ್ತಕದ ಮೊದಲ ಸಾಲಿಗೆ ಅದನ್ನೇ ಇಳಿಸುತ್ತೇನೆ:
ತಾಂಡೇಲ, ಕ್ಲಚ್ ಕೇಬಲ್, ಮುನ್ನೂರ ನಲವತ್ತು,
ಬಾಕಿ.