ಹನ್ನೊಂದು ಹಲ್ಲು

ರಾಯಚೂರು ಬಿಟ್ಟ ಐದನೆಯ ದಿನ,
ಸಂಡೂರು ದಾಟಿ, ಕುಮಾರಸ್ವಾಮಿ ಬೆಟ್ಟದ ಮೂರನೇ ತಿರುವಿನಲ್ಲಿ
ಗೇರಿನ ವೈರು ಕಡಿಯಿತು.
ದೊಡ್ಡ ಸದ್ದೇನಲ್ಲ, ಕುಪ್ಪಸದ ಗುಂಡಿ ಕಿತ್ತ ಹಾಗೆ ಒಂದು ಟಿಕ್.
ಚೈನು ಜಾರಿ ಜಾರಿ ಎಲ್ಲಕ್ಕಿಂತ ಚಿಕ್ಕ ಚಕ್ರಕ್ಕೆ,
ಹನ್ನೊಂದು ಹಲ್ಲಿನದಕ್ಕೆ, ಬಂದು ಕೂತಿತು.

ಗಣಿತ ಕಲಿಸುವವಳು ನಾನು.
ಮುಂದೆ ಮೂವತ್ತನಾಲ್ಕು, ಹಿಂದೆ ಹನ್ನೊಂದು:
ಪೆಡಲಿನ ಒಂದು ಸುತ್ತಿಗೆ ಗಾಲಿ ಮೂರು ಸುತ್ತು,
ಮೇಲೆ ಒಂದಿಷ್ಟು ದಶಾಂಶ.
ಸಿರುಗುಪ್ಪದ ಗದ್ದೆ ಬಯಲಿನಲ್ಲಿ ಇದು ಬರೀ ಭಾಗಾಕಾರ.
ಇಲ್ಲಿ ಆ ದಶಾಂಶವೂ ಮೊಣಕಾಲಿಗೆ ತಿಳಿಯುತ್ತದೆ.

ಬಿಡಿ ವೈರು ತಂದಿರಲಿಲ್ಲವೆಂದಲ್ಲ.
ತಂದಿದ್ದೆವು. ಅದು ಹಂಪಮ್ಮನ ಚೀಲದಲ್ಲಿತ್ತು.
ಹಂಪಮ್ಮ ಘಾಟಿಯ ಮೇಲೆಲ್ಲೋ ಇದ್ದಳು.
ಇಪ್ಪತ್ತು ವರ್ಷ ಮಾನ್ವಿಯ ಓಣಿಗಳಲ್ಲಿ ಟಪಾಲು ಹಂಚಿದ ಕಾಲು,
ಏರು ಕಂಡರೆ ಯಾರಿಗೋ ಮನಿಯಾರ್ಡರು ಕೊಡಲಿಕ್ಕಿದೆ
ಅನ್ನುವಂತೆ ತುಳಿಯುತ್ತವೆ.
ಫೋನಿನಲ್ಲಿ ಒಂದು ಗೆರೆಯೂ ಇಲ್ಲ.

ಇಳಿದು ತಳ್ಳಿದೆ.
ತಾಡಪಾಲು ಹೊದ್ದ ಅದಿರಿನ ಲಾರಿಗಳು, ಒಂದೊಂದಕ್ಕೂ ಒಂದು ಕೆಂಪು ಗಾಳಿ.
ಸೀತಾಫಲದ ಎಲೆ ಕೆಂಪು, ಮೈಲಿಗಲ್ಲು ಕೆಂಪು,
ಬಾಟಲಿಯ ಬಾಯಿ ಕೆಂಪು,
ಉಗುಳಿದರೆ ಎಲೆ ಅಡಿಕೆ ಹಾಕಿದವಳ ಹಾಗೆ.
ತಳ್ಳುವ ಸೈಕಲ್ಲಿನಷ್ಟು ಭಾರ ಇನ್ನೊಂದಿಲ್ಲ.
ಪೆಡಲು ಆಗಾಗ ಮೀನಖಂಡಕ್ಕೆ ಬಡಿದು
ಬಾಕಿ ಸಾಲ ಕೇಳುತ್ತದೆ.

ಐದನೇ ತಿರುವಿನಲ್ಲಿ ನಿಂತಿತ್ತು
ಹನ್ನೆರಡು ಗಾಲಿಯ ಲಾರಿ, ಗಾಲಿಗೊಂದು ಕಲ್ಲು ಆನಿಸಿ,
ಹಿಂದೆ ರಸ್ತೆಯ ಮೇಲೆ ಬಾಡಿದ ಸೊಪ್ಪಿನ ರೆಂಬೆ.
ನೆರಳಲ್ಲಿ ಕ್ಲೀನರ್ ಫಕ್ರುದ್ದೀನ್, ಬಾಯಲ್ಲಿ ಬೇವಿನ ಕಡ್ಡಿ.
"ಆಕ್ಸಲ್ ಮುರದೈತಿ ಅಕ್ಕಾ. ಡ್ರೈವರ್ ಹೊಸಪೇಟಿಗೆ ಹೋಗ್ಯಾನ ಸಾಮಾನು ತರಾಕ.
ಎರಡು ದಿನ ಆತು. ನಿಮ್ದೇನು?"
"ವೈರು."
"ವೈರಾ?" ಅಂದು ನಕ್ಕ,
ಇಪ್ಪತ್ತು ಟನ್ನು ಕಲ್ಲು ಕಾಯುತ್ತ ಕೂತವನು
ಒಂದು ಎಳೆಗೆ ನಗುವಂತೆ.

ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿದ.
ಯಾವ ಭಾಗಕ್ಕೆ ಏನು ಹೆಸರು, ಅವನಿಗೆ ಬೇಕಿರಲಿಲ್ಲ.
ಬೆರಳಲ್ಲಿ ಒತ್ತಿದ, ಒಳಗೆ ಸರಿಯಿತು. ಬಿಟ್ಟ, ವಾಪಸು ಬಂತು.
ಇನ್ನೊಮ್ಮೆ ಒತ್ತಿದ. ಬಿಟ್ಟ.
"ಇದನ್ನ ಹಿಡಕೊಂಡು ಕುಂದ್ರಾಕ ಒಬ್ಬರು ಬೇಕು, ಅಷ್ಟ"
ಅನ್ನುತ್ತ ಬಾಯಿಂದ ಕಡ್ಡಿ ತೆಗೆದ,
ಜಗಿದ ತುದಿ ಮುರಿದು ಎಸೆದ,
ಉಳಿದದ್ದನ್ನು ಸಂದಿಗೆ ಸಿಗಿಸಿ
ತಾಡಪಾಲಿನ ಹುರಿಯಿಂದ ಎರಡು ಸುತ್ತು ಬಿಗಿದ.
ಚೈನು ಮೇಲೆ ಹತ್ತಿತು.
ಎಣಿಸಿದೆ: ಇಪ್ಪತ್ತೆಂಟು ಹಲ್ಲು.

ಎರಡು ಶೇಂಗಾ ಚಿಕ್ಕಿ ಕೊಟ್ಟೆ.
ಒಂದು ತೆಗೆದುಕೊಂಡ, ಒಂದು ವಾಪಸು ಮಾಡಿದ:
"ಮ್ಯಾಲ ಇನ್ನಾ ಭಾಳ ಐತಿ."

ಆಮೇಲೆ ಒಂದೇ ಗೇರು.
ಬೆರಳು ಮಾತ್ರ ತಿರುವು ಬಂದಾಗೆಲ್ಲ ಸತ್ತ ಗುಂಡಿಯನ್ನು ಒತ್ತುತ್ತಿತ್ತು,
ಕರೆಂಟು ಹೋದ ಮನೆಯಲ್ಲಿ ಸ್ವಿಚ್ಚು ತಡಕಿದ ಹಾಗೆ.
ನಲವತ್ತು ತುಳಿತ, ಒಂದು ಗುಟುಕು. ಮೂವತ್ತು ತುಳಿತ, ಒಂದು ಗುಟುಕು.
ಏಳನೇ ತಿರುವಿನಲ್ಲಿ ಇಳಿದೆ.
ಎಂಟರಲ್ಲೂ ಇಳಿದೆ.
ಒಂಬತ್ತನೆಯದು ನೆನಪಿಲ್ಲ.

ಮೇಲೆ, ಮೋರಿಯ ಕಟ್ಟೆಯ ಮೇಲೆ ಹಂಪಮ್ಮ,
ತೊಡೆಯ ಮೇಲೆ ಬಿಚ್ಚಿದ ಮುಂದಿನ ಗಾಲಿ.
ಪಂಕ್ಚರು ಹಾಕಿಯಾಗಿದೆ, ಟೈರು ಕೂರಿಸಿಯಾಗಿದೆ,
ಗಾಳಿ ಇಲ್ಲ.
"ಎಲ್ಲಿ ಹೋಗಿದ್ದೆವ್ವಾ? ಎರಡು ತಾಸಾತು!"
ಪಂಪು ನನ್ನ ಚೀಲದಲ್ಲಿತ್ತು.
ಅವಳು ನನ್ನ ಹಿಂದಿನ ಗಾಲಿಗೆ ಬಗ್ಗಿ ಕಡ್ಡಿ ನೋಡಿದಳು,
ಹುರಿ ನೋಡಿದಳು, ನನ್ನ ಮುಖ ನೋಡಿದಳು.
ನಕ್ಕಾಗ ಆ ಕೆಂಪಿನಲ್ಲಿ ಹಲ್ಲು ಮಾತ್ರ ಬೆಳ್ಳಗೆ.

ಮರುದಿನ ಕೂಡ್ಲಿಗಿಯ ಕಡೆ, ಸಮನೆಲ.
ಹೊಸ ವೈರು, ಎಲ್ಲ ಗೇರುಗಳೂ ಹೇಳಿದ ಮಾತು ಕೇಳುತ್ತಿದ್ದವು.
ಹಿಂದಿನಿಂದ ಲಾರಿಗಳು ಹಾರ್ನು ಹೊಡೆದು ಹೊಡೆದು ಮುಂದೆ ಹೋದವು.
ಆಕ್ಸಲ್ ಬಂತೋ ಇಲ್ಲವೋ.
ಯಾವುದು ಅವನದೆಂದು ಗೊತ್ತಾಗದೆ
ಎಲ್ಲದಕ್ಕೂ ಕೈ ಎತ್ತಿದೆ.