ಆಮೆಗೂ ಮೊಲಕ್ಕೂ ನಡುವೆ

ವೇಗದ ತಿರುಪಿನ ಒಂದು ತುದಿಗೆ ಆಮೆಯ ಚಿತ್ರ, ಇನ್ನೊಂದಕ್ಕೆ ಮೊಲ.
"ಆ ಕಥೆ ನನಗೂ ಗೊತ್ತು" ಅಂದಳು ವೀಟ್ಸ್ಕ,
ನಾಲ್ಕು ಗಾಲಿಯ ಸ್ಕೂಟರಿನ ಒದ್ದೆ ಸೀಟು ಒರೆಸುತ್ತ,
"ಗೆದ್ದವರು ಯಾರೆಂದು ಹೇಳಬೇಡ, ಮೊದಲು ಹೊರಡೋಣ."

ಹಾರ್ಲಿಂಗನ್ನಿನ ಬಂದರು, ಮೀನಿನ ಗೋದಾಮಿನ ಹಿಂದೆ ಖಾಲಿ ಜಾಗ.
ಹಾಲಿನ ಕ್ರೇಟು ನಾಲ್ಕು ಇಟ್ಟಿದ್ದೆ, ಒಂದು ಪೊರಕೆ,
ನನ್ನ ಮಗನ ಕೆಂಪು ಚೆಂಡು,
ಸೀಮೆಸುಣ್ಣದಲ್ಲಿ ಎಳೆದ ಕಾಲುದಾರಿಯ ಅಂಚು.
ಕೈಯಲ್ಲಿ ಪುರಸಭೆಯ ಫಾರಮ್ಮು,
ಕೊನೆಯಲ್ಲಿ ನನ್ನ ಸಹಿಗೆ ಒಂದು ಗೆರೆ.

ಅವಳ ನೋಟದ ನಟ್ಟನಡುವೆ ಹೊಗೆಯ ಬಿಲ್ಲೆ.
ದಿಟ್ಟಿಸಿದ್ದು ಅಳಿಸಿಹೋಗುತ್ತದೆ,
ಓರೆಯಲ್ಲಿ ನೋಡಿದ್ದು ಉಳಿಯುತ್ತದೆ.
ನನ್ನ ಮುಖ ಬೇಕಾದರೆ ನನ್ನ ಕಿವಿಯಾಚೆ ನೋಡುತ್ತಾಳೆ.
ಮೊದಲ ದಿನ ನಾನೇ ಹಿಂತಿರುಗಿ ನೋಡಿದ್ದೆ
ಯಾರೋ ಬಂದರೆಂದು.

ಮೂವತ್ತೊಂದು ವರ್ಷ ಸೇತುವೆ ಕಾದವಳು.
ಗಂಟೆ ಬಾರಿಸಿ, ಗೇಟು ಇಳಿಸಿ, ರಸ್ತೆಯನ್ನೇ ಎತ್ತಿ
ಆಕಾಶಕ್ಕೆ ಆನಿಸಿ ನಿಲ್ಲಿಸಿದವಳು.
ಗಾಳದ ಕೋಲಿನಿಂದ ಮರದ ಮೆಟ್ಟು ಇಳಿಬಿಟ್ಟರೆ
ದೋಣಿಯವರು ಅದರೊಳಗೆ ಸುಂಕ ಹಾಕುತ್ತಿದ್ದರಂತೆ.
"ಮದುವೆಯ ಕಾರೂ ನಿಂತಿದೆ ನನ್ನ ಮುಂದೆ, ಹೆಣದ ಗಾಡಿಯೂ.
ನಿಲ್ಲಿಸುವುದನ್ನು ನನಗೆ ಕಲಿಸಬೇಡ."

ಹೊರಟಳು. ತಿರುಪು ಆಮೆಯ ಪಕ್ಕ.
ಕ್ರೇಟುಗಳ ಸಂದಿಯಲ್ಲಿ ನುಸುಳಿದಳು. ಪೊರಕೆಯನ್ನು ಬಳಸಿ ಬಂದಳು.
ಚೆಂಡು ಉರುಳಿಬಿಟ್ಟೆ. ತಟ್ಟನೆ ಹಿಡಿ ಬಿಟ್ಟಳು, ಗಾಡಿ ನಿಂತಿತು.
ಬಿಟ್ಟರೆ ನಿಲ್ಲುವ ಯಂತ್ರ ಇದು;
ಎಷ್ಟೋ ಜನಕ್ಕೆ ಒಗ್ಗುವುದೇ ಇಲ್ಲ,
ಹೆದರಿದಾಗ ಇನ್ನಷ್ಟು ಬಿಗಿ ಹಿಡಿಯುತ್ತಾರೆ.

ಆಮೇಲೆ ನೇರ ದಾರಿ. ಅದರ ತುದಿಯಲ್ಲಿ ನಾನು.
ಬೂದು ಕೋಟು, ಬೂದು ಕಲ್ಲುಹಾಸು, ಫೆಬ್ರವರಿಯ ಬೂದು ಬೆಳಗು.
ಬಂದಳು.
ಬರುತ್ತಲೇ ಇದ್ದಳು.
ಕೂಗುವ ಹಾಗಿಲ್ಲ, ಪರೀಕ್ಷೆಯೆಂದರೆ ಹಾಗೆ.
ಮುಂದಿನ ಬುಟ್ಟಿ ಮೊಣಕಾಲಿಗೆ ತಾಗಿತು, ಮೆತ್ತಗೆ,
ಕರು ಮೂತಿಯಿಟ್ಟ ಹಾಗೆ.

"ಕಂಬವೇ?" ಅಂದಳು.
"ನಾನು" ಅಂದೆ.

ಕಡಲಹಕ್ಕಿಯೊಂದು ಚೆಂಡನ್ನು ಕುಕ್ಕಿ ನೋಡಿ ಹಾರಿತು.
ಅವಳು ಕೀಲಿ ಕಿತ್ತಳು. ಕೊಟ್ಟುಬಿಡುತ್ತಾಳೆಂದು ಕೈ ಚಾಚಿದೆ.
ಕೊಡಲಿಲ್ಲ. ಮುಷ್ಟಿಯಲ್ಲೇ ಇಟ್ಟುಕೊಂಡು,
"ನಮ್ಮ ಬೀದಿಯಲ್ಲಿ ಹದಿನಾಲ್ಕು ಕಂಬ,
ಎಲ್ಲ ನಿನ್ನ ಕೋಟಿನ ಬಣ್ಣದವೇ ಇರಬೇಕು.
ಹಳದಿ ಬಳಿಯಿರೆಂದು ಎರಡು ಸಲ ಕಾಗದ ಬರೆಸಿದೆ.
ನಿನ್ನ ಫಾರಮ್ಮಿನಲ್ಲಿ ಅದಕ್ಕೊಂದು ಗೆರೆ ಇದೆಯೇ?"

ಇರಲಿಲ್ಲ. ಅಂಚಿನಲ್ಲಿ ಬರೆದುಕೊಂಡೆ, ಅಡ್ಡಡ್ಡವಾಗಿ.
ಸಹಿಯ ಜಾಗ ಹಾಗೇ ಉಳಿಯಿತು.

ಮಂಗಳವಾರ ಮತ್ತೆ ಬರುತ್ತೇನೆ, ಎದ್ದು ಕಾಣುವ ಬಣ್ಣ ತೊಟ್ಟು, ಅಂದೆ.
ನನ್ನ ಕಿವಿಯಾಚೆ ನೋಡಿದಳು,
ಅಂದರೆ ನನ್ನನ್ನೇ.
"ಬೇಡ. ಇದೇ ಕೋಟು ತೊಟ್ಟು ಬಾ.
ಕಣ್ಣು ಇನ್ನೂ ಬೇಗ ಹೊರಳಬೇಕು ನನಗೆ."