ಒಳಗೋ ಹೊರಗೋ

ಏಳೂ ಮುಕ್ಕಾಲಿಗೇ ಬಂದು ನಿಂತೆ, ಹಲ್ ಜೈಲಿನ ಗೇಟಿನೆದುರು.
ಒಂಬತ್ತರ ಮೇಲೇ ಬಿಡುವುದು, ಗೊತ್ತು.
ನನ್ನ ದಿನ ಯಾರೂ ಬಂದಿರಲಿಲ್ಲ;
ಆಮೇಲೆ ಎಲ್ಲರ ದಿನಕ್ಕೂ ನಾನು ಬೇಗ.

ಹಂಬರ್ ಕಡೆಯ ಗಾಳಿ. ಉಪ್ಪು, ಡೀಸೆಲ್ಲು.
ನೀನು ಬಂದೆ, ಕೈಯಲ್ಲೊಂದು ಪಾರದರ್ಶಕ ಚೀಲ,
ಆರು ವರ್ಷ ಬಸ್‌ಸ್ಟಾಪಿಗೆಲ್ಲ ಕಾಣುವ ಹಾಗೆ:
ರೇಜರು, ಮಗಳ ಎರಡು ಕಾಗದ, ಒಂಟಿ ಕಾಲುಚೀಲ.
ಮಡಚಿ ತಂದಿದ್ದ ಬಟ್ಟೆಚೀಲ ಬಿಚ್ಚಿಕೊಟ್ಟೆ.
ಮೊದಲು ಇದರೊಳಗೆ ಹಾಕು, ಮಾತು ಆಮೇಲೆ.

ಹೆಸರು ಕೇಳಿದರೆ ‘ಸ್ಟಾಥರ್ಸ್’ ಎಂದು ನಂಬರು ಶುರುಮಾಡಿ
ಎರಡನೇ ಅಂಕೆಯಲ್ಲಿ ನಾಲಿಗೆ ಕಚ್ಚಿಕೊಂಡೆಯಲ್ಲ,
ನಾನು ರಸ್ತೆ ನೋಡಿದೆ.
‘ರಸ್’ ಅಂದೆ ನೀನು, ‘ರಸ್ ಸಾಕು. ನೀನು ಆಫೀಸಿನವನಾ?’
‘ಅಲ್ಲ. ಸಿ ವಿಂಗು. ನಾಲ್ಕು ವರ್ಷ, ಎರಡು ತಿಂಗಳು.’
ನಿನ್ನ ಹೆಗಲು ಒಂದಿಂಚು ಇಳಿಯಿತು.
ಯಾಕೆ ಎಂದು ನೀನು ಕೇಳಲಿಲ್ಲ, ನಾನೂ ಕೇಳಲಿಲ್ಲ.
ಕಂಬಿ ಎಣಿಸಿದವರ ನಡುವೆ
ಲೆಕ್ಕ ಒಪ್ಪಿಸುವ ಪದ್ಧತಿಯಿಲ್ಲ.

ಹನ್ನೊಂದಕ್ಕೆ ಪ್ರೊಬೇಷನ್ನು, ನಾಲ್ಕಕ್ಕೆ ಹಾಸ್ಟೆಲ್ಲು.
ನಡುವೆ ಇಷ್ಟು ಹೊತ್ತು, ಯಾರದೂ ಅಲ್ಲದ್ದು.
ಕೆನೆಬಣ್ಣದ ಫೋನ್ ಗೂಡಿನೆದುರು ನಿಂತೆ ನೀನು,
‘ಇವು ಇನ್ನೂ ಇವೆಯಾ’ ಎಂದು.
ಯಾರಿಗೆ ಫೋನು ಎಂದು ಕೇಳಬೇಕೆನಿಸಿತು.
ಮಗಳಿಗೀಗ ಹದಿನಾಲ್ಕು ಎಂದು ನೀನೇ ಅಂದೆ,
ಆಮೇಲೆ ಎರಡು ಬೀದಿ ಸುಮ್ಮನೆ.

ಕೆಫೆ ಬಂತು.
ಬಾಗಿಲೆದುರು ನೀನು ಅರ್ಧ ಹೆಜ್ಜೆ ಸರಿದು ನಿಂತೆ,
ಕೈ ಬೆನ್ನ ಹಿಂದೆ, ಕಣ್ಣು ನೆಲಕ್ಕೆ.
ಯಾರೋ ಬರುತ್ತಾರೆ, ಕೀಲಿ ಗೊಂಚಲು ಸದ್ದಾಗುತ್ತದೆ ಎಂಬ ಹಾಗೆ.

ನಾನು ತೆರೆಯಲಿಲ್ಲ.
ನಿಜ ಹೇಳಲಾ, ಇದು ಉಪಾಯವಲ್ಲ;
ಒಂಬತ್ತು ವರ್ಷವಾದರೂ ಕೆಲವು ಬೆಳಿಗ್ಗೆ
ನನ್ನ ಕೈಯೂ ಬೆನ್ನ ಹಿಂದೆ ಹೋಗುತ್ತದೆ.
ರಾತ್ರಿ ಮನೆಯ ಚಿಲಕ ಹಾಕಿ, ತೆಗೆದು,
ಹಾಕಿ, ಇನ್ನೊಮ್ಮೆ ತೆಗೆದು ನೋಡಿಯೇ ನಿದ್ದೆ.
ಹೆಂಡತಿ ಈಗ ಏನೂ ಅನ್ನುವುದಿಲ್ಲ.

ಹಾಗೆ ಇಬ್ಬರೂ ನಿಂತಿದ್ದೆವು,
ಗಾಜಿನೊಳಗೆ ಕೆಟಲು ಹಬೆಯಾಡುತ್ತ.
ಹಿಂದಿನಿಂದ ತಳ್ಳುಗಾಡಿಯ ಮುದುಕಿ:
‘ಒಳಗೋ ಹೊರಗೋ, ಮಕ್ಕಳಾ?
ನನ್ನ ಮಂಡಿ ಕಾಯುವುದಿಲ್ಲ.’

ನಕ್ಕೆ ನೀನು. ಕೆಮ್ಮು ಬರುವಷ್ಟು.
ಪ್ಯಾಂಟಿಗೆ ಅಂಗೈ ಒರೆಸಿ, ಹಿತ್ತಾಳೆಯ ಹಿಡಿ ಹಿಡಿದು,
ಬಲವಾಗಿ ಎಳೆದೆ.

ತಳ್ಳುವ ಬಾಗಿಲದು.